ನೆರಳಾಗಿ ನಾಲ್ಕು ವಾರ

ನಮ್ಮ ಸೀಮೆಯಲ್ಲಿ ಆಸ್ಪತ್ರೆ ಎಂಬ ಮಾತು ಇರುವುದು ಫಲಕಗಳ ಮೇಲೆ. ಜನರ ಬಾಯಲ್ಲಿರುವುದು ದವಾಖಾನೆ. ಮಂಠಾಳದಲ್ಲಿ ಜ್ವರ ಬಂದವರು ಊರಿನ ದವಾಖಾನೆಗೆ ಹೋಗುತ್ತಾರೆ, ಕೈಕಾಲು ಮುರಿದವರು ಬಸವಕಲ್ಯಾಣಕ್ಕೆ ಹೋಗುತ್ತಾರೆ. ಇವೆರಡನ್ನೂ ಮೀರಿದ ಕಾಯಿಲೆಯಾದರೆ 'ದೊಡ್ಡ ದವಾಖಾನೆಗೆ ಒಯ್ಯಬೇಕಂತೆ' ಎಂದು ದನಿ ತಗ್ಗಿಸಿ ಹೇಳುತ್ತಾರೆ. ಅದು ಬೀದರ ಆಗಿರಬಹುದು, ಕಲಬುರಗಿಯೋ ಸೊಲ್ಲಾಪುರವೋ ಆಗಿರಬಹುದು. ಹಲವು ಸಲ ಹೈದರಾಬಾದು. ಬಸವಕಲ್ಯಾಣ ಮತ್ತು ಹುಮನಾಬಾದ ತಾಲ್ಲೂಕುಗಳು 1948ರವರೆಗೆ ನಿಜಾಮರ ಸಂಸ್ಥಾನದಲ್ಲಿದ್ದವು. 1956ರ ನವೆಂಬರ್ 1ರಂದು ಅವು ಅಂದಿನ ಮೈಸೂರು ರಾಜ್ಯವನ್ನು ಸೇರಿದವು. ಕಚೇರಿಯ ಕಾಗದಪತ್ರಗಳು ಅಂದಿನಿಂದ ಬೆಂಗಳೂರಿನ ಕಡೆಗೆ ತಿರುಗಿದವು. ರೋಗಿಗಳ ದಾರಿ ಮಾತ್ರ ಹುಮನಾಬಾದ, ಜಹೀರಾಬಾದು, ಸಂಗಾರೆಡ್ಡಿಗಳನ್ನು ಹಾದು ಹಳೆಯ ರಾಜಧಾನಿಗೇ ಹೋಗುತ್ತ ಉಳಿಯಿತು.

2023ರ ಏಪ್ರಿಲ್ ತಿಂಗಳಲ್ಲಿ ಆ ದಾರಿಯಲ್ಲಿ ನಾನೂ ಹೋದೆ. ನಾನು ಆಗ ಬೀದರಿನಲ್ಲಿ ವೈದ್ಯಕೀಯ ಶಿಕ್ಷಣದ ಎರಡನೆಯ ವರ್ಷದಲ್ಲಿದ್ದೆ. ಎಲುಬುಗಳ ಹೆಸರುಗಳನ್ನೂ ನರಗಳ ಹಾದಿಗಳನ್ನೂ ಬಾಯಿಪಾಠ ಮಾಡಿದ್ದೆನೇ ಹೊರತು ರೋಗಿಯೊಬ್ಬನ ಹಾಸಿಗೆಯ ಪಕ್ಕದಲ್ಲಿ ಒಂದು ತಾಸು ನಿಂತವಳಲ್ಲ. ರಜೆಯಲ್ಲಿ ನಾಲ್ಕು ವಾರ ಹೈದರಾಬಾದಿನ ಒಂದು ಚಿಕ್ಕ ಮಕ್ಕಳ ಶಸ್ತ್ರಚಿಕಿತ್ಸಾ ಕೇಂದ್ರದಲ್ಲಿದ್ದು ನೋಡಿ ಕಲಿಯಲು ಅನುಮತಿ ದೊರೆಯಿತು. ಅನುಮತಿಯೊಡನೆ ಮೂರು ಕಟ್ಟಳೆಗಳೂ ಬಂದವು. ಕೇಳದೆ ಯಾವ ವಸ್ತುವನ್ನೂ ಮುಟ್ಟಕೂಡದು; ಒಳಗೆ ಕಂಡ ರೋಗಿಯ ಹೆಸರನ್ನು ಹೊರಗೆ ಆಡಕೂಡದು; ಯಾರ ಹಿಂದೆ ನಿಲ್ಲಿಸುತ್ತಾರೋ ಅವರನ್ನು ನೆರಳಿನಂತೆ ಹಿಂಬಾಲಿಸಬೇಕು, ನೆರಳಿನಷ್ಟೇ ಸದ್ದಿಲ್ಲದೆ. ಎರಡನೆಯ ಕಟ್ಟಳೆ ನನ್ನ ಮಟ್ಟಿಗೆ ಇಂದಿಗೂ ಜಾರಿಯಲ್ಲಿರುವುದರಿಂದ ಈ ಬರಹದಲ್ಲಿ ಆ ರೋಗಿಗಳ ಹೆಸರಾಗಲಿ ವೈದ್ಯರ ಹೆಸರಾಗಲಿ ಬರುವುದಿಲ್ಲ.

ಹೈದರಾಬಾದಿನಲ್ಲಿ ಮಕ್ಕಳ ದವಾಖಾನೆ ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ನಿಲೋಫರ್. ನಿಜಾಮರ ಸೊಸೆಯಾಗಿ ಬಂದ ನಿಲೋಫರ್ ರಾಜಕುಮಾರಿಯ ಸೇವಕಿಯೊಬ್ಬಳು ಹೆರಿಗೆಯಲ್ಲಿ ತೀರಿಕೊಂಡಳು. ಆ ದುಃಖದಿಂದ ಹುಟ್ಟಿದ ಆಸ್ಪತ್ರೆ ಅದು, 1953ರಲ್ಲಿ ಆರಂಭವಾಯಿತು. ನಾನಿದ್ದ ಕೇಂದ್ರ ಅದರ ಮುಂದೆ ಬಹಳ ಸಣ್ಣದು. ಸೀಳುತುಟಿ, ಸೀಳು ಅಂಗುಳು, ಹರ್ನಿಯಾ, ಹುಟ್ಟಿನಿಂದಲೇ ಬಂದ ಕರುಳಿನ ತೊಂದರೆ ಇವೇ ಅಲ್ಲಿಯ ಮುಖ್ಯ ಕೆಲಸ.

ಮೊದಲ ವಾರ ನನ್ನನ್ನು ಶಸ್ತ್ರವೈದ್ಯರ ಹಿಂದೆ ನಿಲ್ಲಿಸುತ್ತಾರೆಂದು ಎಣಿಸಿದ್ದೆ. ಹಿರಿಯ ದಾದಿಯ ಹಿಂದೆ ನಿಲ್ಲಿಸಿದರು. ಆಕೆ ಕೇರಳದವರು, ಎಲ್ಲರೂ 'ಸಿಸ್ಟರ್' ಎಂದು ಕರೆಯುತ್ತಿದ್ದರು. ಮಲಯಾಳದ ಜೊತೆಗೆ ತೆಲುಗು, ಉರ್ದುಗಳನ್ನು ಸರಾಗವಾಗಿ ಆಡುತ್ತಿದ್ದ ಅವರಿಗೆ ಕನ್ನಡ ಮಾತ್ರ ಬಾರದು. ಬೆಳಗಿನ ಆರು ಗಂಟೆಗೆ ಅವರು ಮಾಡುತ್ತಿದ್ದ ಮೊದಲ ಕೆಲಸ ತೂಗುವುದು. ಮಗುವಿನ ಮೈಮೇಲಿನ ಬಟ್ಟೆಯನ್ನೂ ಕಾಲಗಡಗವನ್ನೂ ತೆಗೆಸಿ ತಕ್ಕಡಿಯಲ್ಲಿ ಮಲಗಿಸಿ, ಅಂಕಿಯನ್ನು ಗಟ್ಟಿಯಾಗಿ ಓದಿ ಬರೆದುಕೊಳ್ಳುವರು. ಬರೆದ ಮೇಲೆ ಇನ್ನೊಮ್ಮೆ ತೂಗುವರು. ಇಷ್ಟೇಕೆ ಎಂದು ಕೇಳಿದ್ದಕ್ಕೆ ಅವರು ನನ್ನಿಂದಲೇ ಲೆಕ್ಕ ಹಾಕಿಸಿದರು. ಹಸುಗೂಸಿನ ದೇಹದಲ್ಲಿ ಒಂದು ಕಿಲೋಗ್ರಾಂ ತೂಕಕ್ಕೆ ಸುಮಾರು 80 ಮಿಲಿಲೀಟರ್ ರಕ್ತವಿರುತ್ತದೆ. ಐದೂವರೆ ಕಿಲೋಗ್ರಾಂ ತೂಗುವ ಕೂಸಿಗೆ ಅದು 440 ಮಿಲಿಲೀಟರ್ ಆಯಿತು. ಊಟಕ್ಕೆ ಕುಳಿತಾಗ ನಾವು ಕುಡಿಯುವ ಎರಡು ಲೋಟ ನೀರಿನಷ್ಟು ಮಾತ್ರ! ದೊಡ್ಡವರ ಶಸ್ತ್ರಚಿಕಿತ್ಸೆಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಒಂದೆರಡು ಚಮಚ ರಕ್ತ ಈ ಕೂಸಿಗೆ ದೊಡ್ಡ ನಷ್ಟ. ಔಷಧಗಳ ಪ್ರಮಾಣವೂ ತೂಕವನ್ನೇ ಅವಲಂಬಿಸಿದೆ. ಒಂದು ಅಂಕಿ ಹಿಂದುಮುಂದಾದರೆ ಮುಂದಿನ ಎಲ್ಲ ಲೆಕ್ಕಗಳೂ ತಪ್ಪುತ್ತವೆ.

ಎರಡನೆಯ ಕೆಲಸ ಕೇಳುವುದು. ಕೂಸಿಗೆ ಕೊನೆಯ ಸಲ ಏನು ಕೊಟ್ಟಿರಿ, ಎಷ್ಟು ಹೊತ್ತಿಗೆ ಕೊಟ್ಟಿರಿ? ಅರಿವಳಿಕೆ ಕೊಡುವ ಮೊದಲು ತಾಯಿಯ ಹಾಲಾದರೆ ನಾಲ್ಕು ಗಂಟೆ, ಹಸುವಿನ ಹಾಲು ಅಥವಾ ಡಬ್ಬಿಯ ಹಾಲಾದರೆ ಆರು ಗಂಟೆ ಹೊಟ್ಟೆ ಖಾಲಿಯಿರಬೇಕು. ಅರಿವಳಿಕೆಯ ನಿದ್ರೆಯಲ್ಲಿ ಕೆಮ್ಮುವ ಶಕ್ತಿಯೂ ನುಂಗುವ ಶಕ್ತಿಯೂ ಅಡಗಿಹೋಗುತ್ತವೆ. ಹೊಟ್ಟೆಯಲ್ಲಿದ್ದುದು ಮೇಲಕ್ಕೆ ಬಂದರೆ ನೇರವಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಸಿಸ್ಟರ್ ಈ ಪ್ರಶ್ನೆಯನ್ನು ಒಂದೇ ರೀತಿಯಲ್ಲಿ ಕೇಳುತ್ತಿರಲಿಲ್ಲ. ತಾಯಿಯನ್ನು ಕೇಳಿ, ಅಜ್ಜಿಯನ್ನು ಕೇಳಿ, ಸ್ವಲ್ಪ ಹೊತ್ತು ಬಿಟ್ಟು, "ರಾತ್ರಿ ಕೂಸು ಬಹಳ ಅತ್ತಿತೇನು? ಆಗ ಹೇಗೆ ಸಮಾಧಾನ ಮಾಡಿದಿರಿ?" ಎಂದು ಮತ್ತೊಂದು ಬಾಗಿಲಿನಿಂದ ಒಳಗೆ ಹೊಕ್ಕು ನೋಡುತ್ತಿದ್ದರು. ಅಳುವ ಕೂಸಿನ ಬಾಯಿಗೆ ಜೇನಿನ ಬೆರಳನ್ನೋ ಸಕ್ಕರೆಯ ನೀರನ್ನೋ ಇಡುವ ಅಜ್ಜಿಯರ ಅಂತಃಕರಣವನ್ನು ಅವರು ಚೆನ್ನಾಗಿ ಬಲ್ಲರು. ಅದಕ್ಕಾಗಿ ಯಾರನ್ನೂ ಗದರಿಸುತ್ತಿರಲಿಲ್ಲ. ಗದರಿಸಿದರೆ ಮುಂದಿನ ಅಜ್ಜಿ ನಿಜ ಹೇಳುವುದಿಲ್ಲ ಎನ್ನುತ್ತಿದ್ದರು.

ಎರಡನೆಯ ವಾರದ ಸೋಮವಾರ ಹುಮನಾಬಾದದ ಹತ್ತಿರದ ಹಳ್ಳಿಯೊಂದರಿಂದ ನಾಲ್ಕು ತಿಂಗಳ ಗಂಡುಕೂಸನ್ನು ಎತ್ತಿಕೊಂಡು ತಾಯಿಯೂ ಅವಳ ಅತ್ತೆಯೂ ಬಂದರು. ತಂದೆ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಕೂಸಿನ ಮೇಲ್ತುಟಿ ಎಡಗಡೆ ಮೂಗಿನ ಹೊಳ್ಳೆಯವರೆಗೆ ಸೀಳಿತ್ತು. ಮುಖದ ಮೇಲೆ ಸೆರಗು ಮುಚ್ಚಿಯೇ ಎತ್ತಿಕೊಂಡಿದ್ದ ತಾಯಿ, ಹೆಸರು ಬರೆಸುವಾಗಲೂ ಸೆರಗು ತೆಗೆಯಲಿಲ್ಲ. ನಾನು ಕನ್ನಡದಲ್ಲಿ ಮಾತನಾಡಿಸಿದ ಕೂಡಲೇ ತಲೆಯೆತ್ತಿದಳು. "ಅಕ್ಕೋರೆ, ನಿಮ್ಮದು ಯಾವ ಊರ್ರಿ?" ಎಂದಳು. ಮಂಠಾಳ ಎಂದೆ. "ಹಂಗಾರ ನೀವು ನಮ್ಮವ್ರೇ ಬಿಡ್ರಿ" ಎಂದು ಅವಳು ಮೊದಲ ಬಾರಿಗೆ ಕೂಸಿನ ಮುಖದ ಮೇಲಿನ ಸೆರಗನ್ನು ಸರಿಸಿದಳು. ಅಲ್ಲಿಂದ ಮುಂದೆ ನನ್ನ ಕೆಲಸ ಬದಲಾಯಿತು. ಏನನ್ನೂ ಮುಟ್ಟಬಾರದ ವಿದ್ಯಾರ್ಥಿನಿಯ ಬಳಿ ಕೇಂದ್ರಕ್ಕೆ ಬೇಕಾದ ಒಂದು ವಸ್ತು ಇತ್ತು. ಅದು ಅವಳ ಮಾತೃಭಾಷೆ.

ಬೀದರ ಜಿಲ್ಲೆಯವರಿಗೆ ಉರ್ದು, ಮರಾಠಿ, ತೆಲುಗುಗಳ ಪರಿಚಯವಿಲ್ಲವೆಂದಲ್ಲ. ಆ ತಾಯಿಗೂ ಸಂತೆಯ ವ್ಯವಹಾರಕ್ಕೆ ಬೇಕಾದಷ್ಟು ಉರ್ದು ಬರುತ್ತಿತ್ತು. ಆದರೆ ಬದನೆಕಾಯಿಯ ಬೆಲೆ ಕೇಳಲು ಸಾಕಾಗುವ ಭಾಷೆ ಮನಸ್ಸಿನ ಭಯವನ್ನು ಹೇಳಿಕೊಳ್ಳಲು ಸಾಲುವುದಿಲ್ಲ. ಮಧ್ಯಾಹ್ನ ಅತ್ತೆ ನೀರು ತರಲು ಹೋದಾಗ ಅವಳು ನನ್ನ ಕಡೆಗೆ ಬಾಗಿ, "ಇದು ನನ್ನ ಕೈಲಿಂದ ಆಗಿದ್ದರಿ" ಎಂದು ಪಿಸುಗುಟ್ಟಿದಳು. ಗ್ರಹಣದ ದಿನ ಅವಳು ಈಳಿಗೆಯಲ್ಲಿ ಸೊಪ್ಪು ಹೆಚ್ಚಿದ್ದಳಂತೆ. ಬಸುರಿಯಾದವಳು ಗ್ರಹಣಕಾಲದಲ್ಲಿ ಹರಿತವಾದುದನ್ನು ಹಿಡಿದರೆ ಹೊಟ್ಟೆಯೊಳಗಿನ ಕೂಸಿನ ತುಟಿ ಸೀಳುತ್ತದೆ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಎಷ್ಟು ಆಳವಾಗಿದೆಯೆಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಕೂಸು ಹುಟ್ಟಿದ ದಿನದಿಂದ ಅವಳ ಅತ್ತೆ ಆ ಈಳಿಗೆಯನ್ನು ಅಟ್ಟದ ಮೇಲೆ ಎಸೆದಿದ್ದಳು. ಸೊಸೆಯೊಡನೆ ಮಾತನ್ನೂ ಕಡಮೆ ಮಾಡಿದ್ದಳು.

ನಾನು ಈ ಸಂಗತಿಯನ್ನು ಶಸ್ತ್ರವೈದ್ಯರಿಗೆ ತಿಳಿಸಿದೆ. ಅವರು ಅರವತ್ತು ದಾಟಿದ ಹಿರಿಯರು. ಮೂಢನಂಬಿಕೆ ಎಂದು ನಗಬಹುದಾಗಿತ್ತು, ನಗಲಿಲ್ಲ. ಅತ್ತೆ ಸೊಸೆಯರಿಬ್ಬರನ್ನೂ ಕೂಡಿಸಿಕೊಂಡು, ಒಂದು ಹಾಳೆಯ ಮೇಲೆ ಮುಖದ ಚಿತ್ರ ಬರೆದರು. ಗರ್ಭದಲ್ಲಿ ಮೇಲ್ತುಟಿ ಒಂದೇ ತುಂಡಾಗಿ ಬೆಳೆಯುವುದಿಲ್ಲ. ಮೂಗಿನ ಕೆಳಗಿನ ನಡುಭಾಗವೂ ಎರಡು ಕೆನ್ನೆಗಳ ಕಡೆಯಿಂದ ಬೆಳೆದುಬರುವ ಭಾಗಗಳೂ ಒಂದನ್ನೊಂದು ತಲುಪಿ ಕೂಡಿಕೊಳ್ಳುತ್ತವೆ. ಕನ್ನಡಿಯಲ್ಲಿ ನೋಡಿಕೊಂಡರೆ ನಮ್ಮೆಲ್ಲರ ಮೂಗಿನ ಕೆಳಗೂ ಎರಡು ಸಣ್ಣ ಏಣುಗಳು ಕಾಣುತ್ತವೆಯಲ್ಲ, ಅವು ಆ ಕೂಡಿಕೆಯ ಗುರುತುಗಳು. ಕೂಡಿಕೆ ಒಂದು ಕಡೆ ನಿಂತುಹೋದರೆ ಅಲ್ಲಿ ಸೀಳು ಉಳಿಯುತ್ತದೆ. ಜಗತ್ತಿನಲ್ಲಿ ಸುಮಾರು ಏಳುನೂರು ಹೆರಿಗೆಗಳಿಗೆ ಒಂದು ಮಗು ಸೀಳುತುಟಿ ಅಥವಾ ಸೀಳು ಅಂಗುಳಿನೊಡನೆ ಹುಟ್ಟುತ್ತದೆ. ವಂಶದಿಂದ ಬಂದ ಗುಣ, ತಾಯಿಗಿದ್ದ ಕೆಲವು ಕಾಯಿಲೆಗಳು, ಕೆಲವು ಔಷಧಗಳು, ತಂಬಾಕಿನ ಹೊಗೆ ಹೀಗೆ ಹಲವು ಕಾರಣಗಳು ಸೇರಿಕೊಂಡಿರಬಹುದು. ಎಷ್ಟೋ ವೇಳೆ ಇಂಥದೇ ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ.

ಇದೆಲ್ಲವನ್ನೂ ನಾನು ಕನ್ನಡದಲ್ಲಿ ಹೇಳಿದೆ. ಅತ್ತೆ ಅಲ್ಲಾಡಲಿಲ್ಲ. ಆಗ ವೈದ್ಯರು ತಿಂಗಳುಗಳ ಲೆಕ್ಕ ಹಿಡಿದರು. ತುಟಿ ಕೂಡುವುದು ಗರ್ಭ ಮೂಡಿದ ನಾಲ್ಕನೆಯ ವಾರದಿಂದ ಏಳನೆಯ ವಾರದೊಳಗೆ. ಅವರು ಹೇಳಿದ ಇಂಗ್ಲಿಷ್ ತಿಂಗಳುಗಳು ಆ ಮುದುಕಿಗೆ ಹಿಡಿಸಲಾರವೆಂದು ನಾನು ಅವನ್ನು ನಮ್ಮ ಹಬ್ಬಗಳಿಗೆ ತಿರುಗಿಸಿದೆ. "ಆಯಿ, ಕೂಸು ಹುಟ್ಟಿದ್ದು ಡಿಸೆಂಬರ್ ಕೊನೆಗೆ. ಹಾಗಾದರೆ ಹೊಟ್ಟೆಯಲ್ಲಿ ಮೂಡಿದ್ದು ಯುಗಾದಿಯ ಹೊತ್ತಿಗೆ. ಬಸವ ಜಯಂತಿ ಮುಗಿದು ಮೂರು ವಾರಕ್ಕೆ ತುಟಿ ಕೂಡುವ ಕಾಲ ಮುಗಿಯಿತು. ಆಗಿನ್ನೂ ಕಾರಹುಣ್ಣಿಮೆ ಬಂದಿರಲಿಲ್ಲ, ಬಿತ್ತನೆ ಆಗಿರಲಿಲ್ಲ. ಗ್ರಹಣ ಹಿಡಿದದ್ದು ಯಾವಾಗ?" ಗ್ರಹಣ ಹಿಡಿದದ್ದು 2022ರ ಅಕ್ಟೋಬರ್ 25ರಂದು, ದೀಪಾವಳಿಯ ಮರುದಿನದ ಸಂಜೆ. ಅತ್ತೆ ಬೆರಳಿನ ಗೆಣ್ಣುಗಳ ಮೇಲೆ ಹಬ್ಬಗಳನ್ನು ತಾನೇ ಎಣಿಸಿದಳು. ಯುಗಾದಿ, ಬಸವ ಜಯಂತಿ, ಕಾರಹುಣ್ಣಿಮೆ, ನಾಗರಪಂಚಮಿ, ದಸರೆ, ದೀಪಾವಳಿ. ಮತ್ತೊಮ್ಮೆ ಎಣಿಸಿದಳು. "ರಾಶಿ ಮಾಡೋ ಹೊತ್ತಿಗಿ ಆದ ಗ್ರಹಣ, ಬಿತ್ತೋಕಿನ ಮೊದಲು ಆದದ್ದಕ್ಕ ಹೆಂಗ ತಾಕ್ತದ?" ಎಂದು ತನ್ನನ್ನೇ ಕೇಳಿಕೊಂಡಳು. ಅವಳು ಪೂರ್ಣವಾಗಿ ಒಪ್ಪಿದಳೆಂದು ನಾನು ಹೇಳಲಾರೆ. ಆ ರಾತ್ರಿ ಸೊಸೆಗೆ ತಾನೇ ರೊಟ್ಟಿ ಬಿಚ್ಚಿ ಕೊಟ್ಟದ್ದನ್ನು ಮಾತ್ರ ನೋಡಿದೆ.

ಇದಕ್ಕಿಂತ ಕಠಿಣವಾದದ್ದು ಒಪ್ಪಿಗೆಯ ಪತ್ರ. ಅದು ತೆಲುಗಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಅಚ್ಚಾಗಿತ್ತು. ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳುವ ಹೊಣೆ ನನ್ನದಾಯಿತು. ಹೋಗುವ ಮೊದಲು ಅರಿವಳಿಕೆಯ ವೈದ್ಯೆ ನನ್ನನ್ನು ಬದಿಗೆ ಕರೆದು, "ಒಂದು ಮಾತನ್ನೂ ಮೆತ್ತಗೆ ಮಾಡಬೇಡ. ಅವಳನ್ನು ಸಮಾಧಾನಪಡಿಸುವುದು ನಿನ್ನ ಕೆಲಸವಲ್ಲ, ಅವಳಿಗೆ ತಿಳಿಯುವಂತೆ ಮಾಡುವುದು ನಿನ್ನ ಕೆಲಸ" ಎಂದರು. ಅರಿವಳಿಕೆಯಿಂದ ಅಪರೂಪವಾಗಿ ಪ್ರಾಣಕ್ಕೆ ಅಪಾಯವಾಗಬಹುದು ಎಂಬ ಸಾಲಿಗೆ ಬಂದಾಗ ನನ್ನ ನಾಲಿಗೆ ಒಣಗಿತು. ಹೇಳಿದೆ. ತಾಯಿ ಬಹಳ ಹೊತ್ತು ಸುಮ್ಮನಿದ್ದಳು. ಅನಂತರ, "ಮಾಡಿಸಲಿಲ್ಲಂದ್ರ ಜೀವಕ್ಕೇನೂ ಇಲ್ಲ, ಹೌದಲ್ರಿ?" ಎಂದು ಕೇಳಿದಳು. ಪ್ರಶ್ನೆ ಸರಿಯಾದುದಾಗಿತ್ತು. ತುಟಿ ಸೀಳಿದ್ದರಿಂದಲೇ ಯಾರೂ ಸಾಯುವುದಿಲ್ಲ. ನಾನು ಉತ್ತರ ಕೊಡಲು ಹೋಗದೆ ಪ್ರಶ್ನೆಯನ್ನು ವೈದ್ಯೆಗೆ ಮುಟ್ಟಿಸಿದೆ. ಅವರು ಬಂದು ಅವಳ ಎದುರಿಗೆ ಕುಳಿತು, "ಇಲ್ಲ, ಜೀವಕ್ಕೆ ಏನೂ ಇಲ್ಲ. ನೀನು ಬೇಡವೆಂದರೆ ನಾವು ಬೇಸರಪಡುವುದಿಲ್ಲ. ಯೋಚಿಸಿ ನಾಳೆ ಹೇಳು" ಎಂದರು. ಕೂಸು ತಾಯಿಯ ತೊಡೆಯ ಮೇಲೆ ನಗುತ್ತಿತ್ತು. ಅದರ ಅಗಲವಾದ ಆ ನಗೆಯನ್ನು ಈಗಲೂ ಕಣ್ಣೆದುರಿಗೆ ತಂದುಕೊಳ್ಳಬಲ್ಲೆ. ತಾಯಿ ಅಂದು ರಾತ್ರಿ ಪುಣೆಗೆ ದೂರವಾಣಿ ಮಾಡಿದಳು. ಬೆಳಗಾದ ಮೇಲೆ ತಾನೇ ಸಿಸ್ಟರ್ ಬಳಿಗೆ ಹೋಗಿ ಪತ್ರ ಕೇಳಿ ಪಡೆದು, ಅಕ್ಷರಗಳನ್ನು ಒಂದೊಂದಾಗಿ ಜೋಡಿಸಿ ಕನ್ನಡದಲ್ಲಿ ಸಹಿ ಮಾಡಿದಳು.

ಶಸ್ತ್ರಚಿಕಿತ್ಸೆಯ ಕೋಣೆಯ ಹೊಸ್ತಿಲಲ್ಲಿ ನೆಲದ ಮೇಲೆ ಒಂದು ಕೆಂಪು ಗೆರೆ ಎಳೆದಿದ್ದರು. ಹೊರಗಿನವರು ಅದನ್ನು ದಾಟಕೂಡದು. ತಾಯಿ ಗೆರೆಯ ಆಚೆ ನಿಂತು ಕೂಸನ್ನು ವೈದ್ಯೆಯ ಕೈಗೆ ಕೊಟ್ಟಳು. ಒಳಗೆ ನಾನು ಎಣಿಸಿದ್ದಕ್ಕೆ ವಿರುದ್ಧವಾಗಿ ಬೆಚ್ಚಗಿತ್ತು. ಸಣ್ಣ ಮಕ್ಕಳ ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ಹರವು ಹೆಚ್ಚು. ಸಣ್ಣ ಬಟ್ಟಲಿನ ಚಹಾ ಬೇಗ ಆರುವಂತೆ ಅವರ ಮೈ ಬೇಗ ತಣ್ಣಗಾಗುತ್ತದೆ. ಆದುದರಿಂದ ವೈದ್ಯರು ಬೆವರಿದರೂ ಕೋಣೆಯನ್ನು ಬೆಚ್ಚಗಿಡುತ್ತಾರೆ. ವೈದ್ಯೆ ಕೂಸಿನ ಮುಖದ ಮೇಲೆ ಒಂದು ಮೆತ್ತನೆಯ ಮುಸುಕನ್ನು ಹಿಡಿದು ಏನೋ ಗುನುಗುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಒದೆಯುತ್ತಿದ್ದ ಕಾಲುಗಳು ಸಡಿಲವಾದವು. ಕಾಲಿನ ಬೆರಳಿಗೆ ಕಟ್ಟಿದ ಪುಟ್ಟ ಉಪಕರಣ ಟಿಕ್ ಟಿಕ್ ಎಂದು ನಾಡಿಯ ಬಡಿತವನ್ನು ನುಡಿಯತೊಡಗಿತು. ನಿಮಿಷಕ್ಕೆ ನೂರ ಮೂವತ್ತು.

ಈ ಉಪಕರಣದ ಮೂಲತತ್ತ್ವವನ್ನು ಕಂಡುಹಿಡಿದವರು ಜಪಾನಿನ ತಕುವೊ ಅಯೊಯಾಗಿ, 1974ರಲ್ಲಿ. ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂಬುದನ್ನು ಚುಚ್ಚದೆ ಕೊಯ್ಯದೆ, ಬರಿಯ ಬೆಳಕನ್ನು ಹಾಯಿಸಿ ಅಳೆಯುತ್ತದೆ. ಆಮ್ಲಜನಕ ಇಳಿದರೆ ಅದರ ಸ್ವರವೂ ಇಳಿಯುತ್ತದೆ. ಆದ್ದರಿಂದ ವೈದ್ಯೆ ಬೇರೆ ಕೆಲಸ ಮಾಡುತ್ತಿರುವಾಗಲೂ ಅವರ ಕಿವಿ ಆ ಸದ್ದಿನಲ್ಲಿಯೇ ಇರುತ್ತಿತ್ತು. ಹಸುಳೆಯ ದೇಹ ದೊಡ್ಡವರಿಗಿಂತ ಎರಡು ಪಟ್ಟು ವೇಗವಾಗಿ ಆಮ್ಲಜನಕವನ್ನು ಬಳಸುತ್ತದೆ. ಉಸಿರು ನಿಂತರೆ ಯೋಚಿಸುತ್ತ ಕುಳಿತುಕೊಳ್ಳಲು ಸಮಯವಿರುವುದಿಲ್ಲ. ಅರಿವಳಿಕೆಯ ಚರಿತ್ರೆಯಲ್ಲಿ ಹೈದರಾಬಾದಿಗೂ ಒಂದು ಸ್ಥಾನವಿದೆಯೆಂಬುದನ್ನು ಅವರಿಂದಲೇ ಕೇಳಿದೆ. 1846ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಈಥರ್, ಮರುವರ್ಷ ಸ್ಕಾಟ್ಲೆಂಡಿನಲ್ಲಿ ಕ್ಲೋರೊಫಾರ್ಮ್ ಬಳಕೆಗೆ ಬಂದವು. ಕ್ಲೋರೊಫಾರ್ಮಿನಿಂದ ಸಂಭವಿಸುವ ಸಾವು ಉಸಿರು ನಿಂತು ಆಗುವುದೋ ಹೃದಯ ನಿಂತು ಆಗುವುದೋ ಎಂಬ ವಿವಾದವನ್ನು ಬಗೆಹರಿಸಲು ಎಡ್ವರ್ಡ್ ಲಾರಿ ಎಂಬ ಶಸ್ತ್ರವೈದ್ಯರ ಮುಂದಾಳುತನದಲ್ಲಿ, ಆಗಿನ ನಿಜಾಮರ ಧನಸಹಾಯದಿಂದ, 1888 ಮತ್ತು 1889ರಲ್ಲಿ ಹೈದರಾಬಾದಿನಲ್ಲಿ ಎರಡು ಆಯೋಗಗಳು ಕುಳಿತವು. ಅಲ್ಲಿ ಕೆಲಸ ಮಾಡಿದವರಲ್ಲಿ ರೂಪಾಬಾಯಿ ಫರ್ದೂನ್‌ಜಿ ಎಂಬ ಮಹಿಳೆಯೂ ಒಬ್ಬರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞರಲ್ಲಿ ಅವರನ್ನು ಹೆಸರಿಸುತ್ತಾರೆ. ಉಸಿರನ್ನು ಕಾದುಕೊಂಡರೆ ಸಾಕು, ಹೃದಯಕ್ಕೆ ಭಯವಿಲ್ಲ ಎಂದು ಆಯೋಗ ತೀರ್ಮಾನಿಸಿತು. ಆ ತೀರ್ಮಾನ ತಪ್ಪೆಂದು 1911ರಲ್ಲಿ ತಿಳಿದುಬಂತು. "ಆದರೂ ಅವರು ಕಲಿಸಿದ ಒಂದು ಅಭ್ಯಾಸ ಉಳಿದಿದೆ. ರೋಗಿಯ ಉಸಿರಿನ ಮೇಲಿಂದ ಕಣ್ಣು ತೆಗೆಯಬೇಡ" ಎಂದು ವೈದ್ಯೆ ಹೇಳಿದರು. ಹೇಳುವಾಗಲೂ ಅವರು ನನ್ನ ಕಡೆಗೆ ನೋಡುತ್ತಿರಲಿಲ್ಲ.

ಕತ್ತರಿಸುವ ಮೊದಲು ಎಲ್ಲರೂ ಕೈ ನಿಲ್ಲಿಸಿದರು. ಮಗುವಿನ ಹೆಸರು, ಮಾಡಬೇಕಾದ ಚಿಕಿತ್ಸೆ, ಯಾವ ಬದಿ, ತೂಕ ಇವನ್ನು ಒಬ್ಬರು ಗಟ್ಟಿಯಾಗಿ ಓದಿದರು, ಉಳಿದವರು ಹೌದೆಂದರು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಪಟ್ಟಿಯ ಕ್ರಮವಿದು. ಗೋಡೆಯ ಬಿಳಿ ಹಲಗೆಯ ಮೇಲೆ ಸಿಸ್ಟರ್ ದೊಡ್ಡ ಅಕ್ಷರಗಳಲ್ಲಿ 'ಗಂಟಲಲ್ಲಿ ಬಟ್ಟೆ 1' ಎಂಬರ್ಥದ ಮಾತನ್ನು ಬರೆದರು. ತುಟಿಯ ರಕ್ತ ಒಳಗಿಳಿಯದಂತೆ ಗಂಟಲಿನಲ್ಲಿ ಒಂದು ತುಂಡು ಬಟ್ಟೆಯನ್ನು ಇಟ್ಟಿರುತ್ತಾರೆ. ಅದನ್ನು ತೆಗೆಯಲು ಮರೆತರೆ ಎಚ್ಚರಗೊಂಡ ಕೂಸಿಗೆ ಉಸಿರಾಟವೇ ನಿಲ್ಲಬಹುದು.

ಶಸ್ತ್ರವೈದ್ಯರು ಮೊದಲು ಕೊಯ್ಯಲಿಲ್ಲ, ಅಳೆದರು. ನಿಮ್ಮ ರೇಖಾಗಣಿತದ ಪೆಟ್ಟಿಗೆಯಲ್ಲಿರುವ ವಿಭಾಜಕದಂಥ ಸಣ್ಣ ಸಾಧನದಿಂದ ಸೀಳಿಲ್ಲದ ಬದಿಯ ಉದ್ದವನ್ನು ತೆಗೆದು, ಸೀಳಿನ ಬದಿಗೆ ನೀಲಿ ಶಾಯಿಯ ಚುಕ್ಕೆಗಳನ್ನಿಟ್ಟರು. ಆ ಚುಕ್ಕೆಗಳಿಡಲು ಹಿಡಿದ ಹೊತ್ತನ್ನು ಕಂಡು ನನಗೆ ಸೋಜಿಗವಾಯಿತು. ಸೀಳಿನ ಎರಡು ಅಂಚುಗಳನ್ನು ಸುಮ್ಮನೆ ಎಳೆದು ಹೊಲಿದರೆ ತುಟಿ ಮೇಲಕ್ಕೆ ಸೆಟೆದುಕೊಳ್ಳುತ್ತದೆ. ಅಮೆರಿಕದ ರಾಲ್ಫ್ ಮಿಲ್ಲಾರ್ಡ್ 1950ರ ದಶಕದಲ್ಲಿ ಕೊರಿಯಾದಲ್ಲಿದ್ದಾಗ ರೂಪಿಸಿದ ಕ್ರಮದಲ್ಲಿ ಒಂದು ಬದಿಯನ್ನು ಕೆಳಕ್ಕೆ ತಿರುಗಿಸಿ, ತಿರುಗಿದಾಗ ಉಂಟಾದ ತೆರವಿಗೆ ಇನ್ನೊಂದು ಬದಿಯ ಚರ್ಮವನ್ನು ಮುಂದಕ್ಕೆ ತಂದು ಕೂಡಿಸುತ್ತಾರೆ. ಜಾಣ ದರ್ಜಿಯೊಬ್ಬ ಕಡಮೆ ಬಟ್ಟೆಯಲ್ಲಿ ಕಂಕುಳ ಪಟ್ಟಿ ಕೂಡಿಸುವ ರೀತಿಯನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಚರ್ಮದ ಒಳಗಿನ ಸ್ನಾಯುವನ್ನು ಮೊದಲು ಸೇರಿಸಿ, ಆಮೇಲೆ ಕೂದಲಿಗಿಂತ ತೆಳುವಾಗಿ ಕಾಣುವ ದಾರದಿಂದ ಚರ್ಮವನ್ನು ಹೊಲಿದರು. ತುಟಿಯ ಕೆಂಪು ಅಂಚು ಎರಡು ಕಡೆಯಿಂದ ಬಂದು ಒಂದೇ ಗೆರೆಯಾಯಿತು. ಇದಕ್ಕೆ ಹಿಡಿದದ್ದು ಒಂದೂಕಾಲು ಗಂಟೆ. ಧಾರವಾಡದ ಎಸ್.ಡಿ.ಎಂ. ದಂತ ವೈದ್ಯಕೀಯ ಕಾಲೇಜಿನಲ್ಲಿಯೂ ಈ ಚಿಕಿತ್ಸೆ ನಡೆಯುತ್ತದೆ. ಕೇರಳದ ತ್ರಿಶ್ಶೂರಿನಲ್ಲಿ ಹಿರ್ಜಿ ಅಡೆನ್‌ವಾಲಾ ಎಂಬ ವೈದ್ಯರು ಇದಕ್ಕೆ ತಮ್ಮ ಜೀವಮಾನದ ದಶಕಗಳನ್ನೇ ಮುಡಿಪಿಟ್ಟಿದ್ದರು.

ಮುಗಿಯಿತೆಂದು ನಾನು ಉಸಿರು ಬಿಟ್ಟೆ. ಮುಗಿದಿರಲಿಲ್ಲ. ಬಟ್ಟೆಯ ತುಂಡುಗಳನ್ನು ಎಣಿಸುವಾಗ ಒಂದು ಕಡಮೆ ಬಂತು. ಸಿಸ್ಟರ್ ಶಾಂತವಾದ ದನಿಯಲ್ಲಿ, "ಒಂದು ಸಿಕ್ಕಿಲ್ಲ" ಎಂದರು. ಅಷ್ಟು ಹಿರಿಯ ಶಸ್ತ್ರವೈದ್ಯರು ಕೈ ಕಟ್ಟಿ ನಿಂತರು, ಯಾರೂ ಮರುಮಾತಾಡಲಿಲ್ಲ. ಮತ್ತೆ ಎಣಿಸಿದರು, ಬಕೀಟನ್ನು ಬರಿದುಮಾಡಿದರು, ಹೊದಿಕೆಯನ್ನು ಎತ್ತಿ ನೋಡಿದರು. ಹೊದಿಕೆಯ ಮಡಿಕೆಯಲ್ಲಿ ಹೆಬ್ಬೆಟ್ಟಿನಷ್ಟಿದ್ದ ಆ ತುಂಡು ಅಂಟಿಕೊಂಡಿತ್ತು. ಆಮೇಲೆ ವೈದ್ಯೆ ಗಂಟಲಿನ ಬಟ್ಟೆಯನ್ನು ಹೊರತೆಗೆದು, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಸಿಸ್ಟರ್ ಹಲಗೆಯ ಮೇಲಿನ ಬರಹವನ್ನು ಒರಸಿದರು. ಆ ಕೋಣೆಯಲ್ಲಿ ವಯಸ್ಸಿನಿಂದಲೂ ಪದವಿಯಿಂದಲೂ ದೊಡ್ಡವರು ಬೇರೆಯವರಿದ್ದರು. ಆದರೆ ಎಣಿಕೆಯ ಸಮಯದಲ್ಲಿ ಅಲ್ಲಿಯ ಒಡತಿ ಸಿಸ್ಟರ್.

ಎಚ್ಚರವಾದ ಕೂಸು ಅತ್ತಿತು. ಅಳುವುದೇ ಶುಭಸೂಚನೆ ಎಂದು ತಾಯಿಗೆ ನಾನು ಹೇಳಬೇಕಾಯಿತು. ಅವಳು ಸ್ವಲ್ಪ ಹೊತ್ತು ಕೂಸಿನ ಮುಖವನ್ನೇ ನೋಡುತ್ತ ನಿಂತಳು, ಎತ್ತಿಕೊಳ್ಳಲು ಮುಂದಾಗಲಿಲ್ಲ. "ಇದು ನಮ್ಮದೇ ಏನ್ರಿ?" ಎಂದಳು. ಅತ್ತೆ ಮಾತ್ರ ಕಾಲಿನ ಬೆರಳನ್ನು ಹಿಡಿದು ನೋಡಿ, ಮೊಮ್ಮಗನೆಂದು ಖಚಿತ ಮಾಡಿಕೊಂಡಳು. ಕೂಸು ಹೊಲಿಗೆಯನ್ನು ಕೆರೆದುಕೊಳ್ಳದಂತೆ ಮೊಳಕೈಗಳಿಗೆ ಬಟ್ಟೆ ಸುತ್ತಿದ ಪಟ್ಟಿಗಳನ್ನು ಕಟ್ಟಿದ್ದರು. ಹಾಲನ್ನು ಒಳಲೆಯಿಂದ ಕುಡಿಸಲು ಸಿಸ್ಟರ್ ಹೇಳಿಕೊಟ್ಟರು.

ಮರುದಿನ ಸಂಜೆ ಅತ್ತೆ ನನ್ನ ಬಳಿಗೆ ತಾನಾಗಿ ಬಂದಳು. ತಮ್ಮ ಓಣಿಯಲ್ಲಿ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳಿದ್ದಾಳೆ, ತುಟಿಯೂ ಅಂಗುಳೂ ಸೀಳಿವೆ, ಮಾತು ಮೂಗಿನಲ್ಲಿ ಬರುತ್ತದೆ, ಏಳನೆಯ ತರಗತಿಯಲ್ಲಿಯೇ ಶಾಲೆ ಬಿಟ್ಟು ಮನೆಯಲ್ಲಿದ್ದಾಳೆ ಎಂದಳು. "ಹೊತ್ತು ಮೀರಿತೇನು, ಕೇಳಿ ಹೇಳು ಯವ್ವಾ" ಎಂದಳು. ಶಸ್ತ್ರವೈದ್ಯರನ್ನು ಕೇಳಿದೆ. ತುಟಿಯನ್ನು ಸಾಮಾನ್ಯವಾಗಿ ಮೂರು ತಿಂಗಳ ನಂತರ, ಅಂಗುಳನ್ನು ಮಾತು ಕಲಿಯುವ ಮೊದಲು, ಒಂದು ವರ್ಷದ ಆಸುಪಾಸಿನಲ್ಲಿ ಸರಿಪಡಿಸುತ್ತಾರೆ. ತಡವಾದರೂ ತುಟಿಯನ್ನು ಯಾವ ವಯಸ್ಸಿನಲ್ಲಿಯೂ ಹೊಲಿಯಬಹುದು, ಅಂಗುಳನ್ನೂ ಮುಚ್ಚಬಹುದು ಎಂದರು. "ಮಾತು ಪೂರ್ತಿ ಸರಿಹೋಗುತ್ತದೆಂದು ಭರವಸೆ ಕೊಡಲಾರೆ. ತಿಂಗಳುಗಟ್ಟಲೆ ಮಾತಿನ ತರಬೇತಿ ಬೇಕಾಗುತ್ತದೆ. ಇದನ್ನೂ ಹೇಳು" ಎಂದರು. ಹೇಳಿದೆ. ಒಂದು ಚೀಟಿಯಲ್ಲಿ ಕೇಂದ್ರದ ವಿಳಾಸವನ್ನೂ ಯಾವ ನಿಲ್ದಾಣದಲ್ಲಿ ಇಳಿಯಬೇಕೆಂಬುದನ್ನೂ ಕನ್ನಡದಲ್ಲಿ ಬರೆದುಕೊಟ್ಟೆ. ಅತ್ತೆ ಅದನ್ನು ಸೀರೆಯ ಸೆರಗಿನಲ್ಲಿ ಗಂಟು ಹಾಕಿಕೊಂಡಳು.

ಆರನೆಯ ದಿನ ಹೊಲಿಗೆ ಬಿಚ್ಚಿಸಲು ಅವರು ಮತ್ತೆ ಬಂದರು. ಈ ಬಾರಿ ಜೊತೆಯಲ್ಲಿ ಆ ಹುಡುಗಿಯೂ ಅವಳ ತಂದೆಯೂ ಇದ್ದರು. ಓಢಣಿಯಿಂದ ಮೂಗಿನವರೆಗೆ ಮುಖ ಮುಚ್ಚಿಕೊಂಡಿದ್ದ ಹುಡುಗಿ, ಹೆಸರು ಬರೆಸುವ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಳು. ಗುಮಾಸ್ತ ಹೆಸರು ಕೇಳಿದ. ಅವಳು ಹೇಳಿದಳು, ಅವನಿಗೆ ತಿಳಿಯಲಿಲ್ಲ. ಅವಳ ತಂದೆ ಬಾಯಿ ತೆರೆಯುವಷ್ಟರಲ್ಲಿ ಅವಳು ಅವನ ತೋಳನ್ನು ಹಿಡಿದು ತಡೆದಳು. ಓಢಣಿಯನ್ನು ಕೆಳಗಿಳಿಸಿ, ಕಿಟಕಿಯ ಹತ್ತಿರಕ್ಕೆ ಬಾಗಿ, ಒಂದೊಂದೇ ಅಕ್ಷರವಾಗಿ ಮತ್ತೊಮ್ಮೆ ಹೇಳಿದಳು. ಗುಮಾಸ್ತ ಬರೆದುಕೊಂಡು, ಸರಿಯಾಗಿದೆಯೇ ಎಂದು ಪುಸ್ತಕವನ್ನು ಅವಳ ಕಡೆಗೆ ತಿರುಗಿಸಿದ.